ಪಾದದ ಉರಿ, ಮಂಡಿ ನೋವು, ನೆಗಡಿ: ನಾನು ನುಂಗಿ ನೋಡಿದ ಮಾತ್ರೆಗಳು

ಜೀನ್ಸ್ ಬಟ್ಟೆಯನ್ನು ನಲವತ್ತು ಪದರ ಹಾಸಿ ಒಟ್ಟಿಗೆ ಕತ್ತರಿಸುವ ಕೆಲಸ ನನ್ನದು. ಬಳ್ಳಾರಿಯ ಸಿಮೆಂಟ್ ನೆಲದ ಮೇಲೆ ದಿನಕ್ಕೆ ಒಂಬತ್ತು ತಾಸು ನಿಂತೇ ಇರಬೇಕು. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಹೋದ ಬೇಸಿಗೆಯಲ್ಲಿ ರಾತ್ರಿ ಹೊತ್ತು ಪಾದ ಉರಿಯತೊಡಗಿದಾಗ ನೆಲ ಕಾದದ್ದಕ್ಕೆ ಇರಬೇಕು ಎಂದುಕೊಂಡೆ. ಈ ಊರಿನ ಏಪ್ರಿಲ್ ಕಂಡವರು ಯಾರೂ ಅದಕ್ಕೆ ನನ್ನನ್ನು ದೂರಲಾರರು. ಮಳೆ ಬಿದ್ದರೂ ಉರಿ ಹೋಗಲಿಲ್ಲ.

ಮೊದಲು ಸಿಕ್ಕಿದ್ದು ಆಲ್ಫಾ ಲಿಪೊಯಿಕ್ ಆಸಿಡ್ ಎಂಬ ಆಂಟಿಆಕ್ಸಿಡೆಂಟ್ ಮಾತ್ರೆ. ಹೈದರಾಬಾದಿನಲ್ಲಿರುವ ಭಾವಮೈದುನ ತಂದುಕೊಟ್ಟ, 600 ಮಿಲಿಗ್ರಾಂನದು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ನರಗಳಿಗೆ ಆಗುವ ಆಕ್ಸಿಡೀಕರಣದ ಹಾನಿಯನ್ನು ಇದು ತಡೆಯುತ್ತದೆ ಎಂಬುದು ವಾದ. 2006ರಲ್ಲಿ ಪ್ರಕಟವಾದ ಐದು ವಾರಗಳ ಪ್ರಯೋಗವೊಂದರಲ್ಲಿ ಇದೇ ಪ್ರಮಾಣದಿಂದ ಉರಿ, ಚುಚ್ಚುವ ನೋವು ಕಡಿಮೆಯಾಗಿದ್ದವು. ಊಟದೊಂದಿಗೆ ತೆಗೆದುಕೊಂಡರೆ ಸರಿಯಾಗಿ ಮೈಗೆ ಹತ್ತುವುದಿಲ್ಲವೆಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ನುಂಗಿದೆ. ಆರು ವಾರದಲ್ಲಿ ಪಾದದ ಉರಿ ಸ್ವಲ್ಪ ಇಳಿದಂತೆ ಅನ್ನಿಸಿತು, ಎದೆಯುರಿ ಮಾತ್ರ ಖಚಿತವಾಗಿ ಏರಿತು. ಆಮೇಲೆ ತಿಳಿದದ್ದು: ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2024ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಆರು ತಿಂಗಳ ಹೊತ್ತಿಗೆ ಇದರಿಂದ ಆಗುವ ವ್ಯತ್ಯಾಸ ಬಹುಶಃ ಅತ್ಯಲ್ಪ, ಇಲ್ಲವೇ ಇಲ್ಲ.

ವೈದ್ಯರ ಬಳಿ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ ತೆಗೆದುಕೊಳ್ಳುತ್ತಿದ್ದೀರಿ?" ಸಕ್ಕರೆ ಕಾಯಿಲೆಯ ಆ ಮಾತ್ರೆ ವರ್ಷಗಟ್ಟಲೆ ನಡೆದರೆ, ನರಗಳಿಗೆ ಬೇಕಾದ ಬಿ12 ವಿಟಮಿನ್ ಹೀರಿಕೊಳ್ಳುವುದು ಕುಗ್ಗುತ್ತದಂತೆ. ಅದರ ಮೇಲೆ ನಮ್ಮದು ಜೋಳದ ರೊಟ್ಟಿ, ಪುಂಡಿಪಲ್ಯದ ಮನೆ. ಬಿ12 ಏನಾದರೂ ಬಂದರೆ ಹಾಲು ಮೊಸರಿನಿಂದಲೇ ಬರಬೇಕು. ರಕ್ತ ಪರೀಕ್ಷೆಯಲ್ಲಿ 158 ಬಂತು, 200ಕ್ಕಿಂತ ಕೆಳಗೆ ಇದ್ದರೆ ಕೊರತೆ ಎಂದೇ ಲೆಕ್ಕ.

ಅವರು ಬರೆದದ್ದು ಬರೀ ಮಿಥೈಲ್‌ಕೊಬಾಲಮಿನ್, ಅಂದರೆ ಬಿ12ರದೇ ಒಂದು ರೂಪ. ಔಷಧಿ ಅಂಗಡಿಯವನು ಕೊಟ್ಟದ್ದು ಬೇರೆ. "ಮಾಸ್ಟರ್, ಇದರಲ್ಲಿ ಅದೂ ಇದೆ, ಆಂಟಿಆಕ್ಸಿಡೆಂಟೂ ಇದೆ, ಒಯ್ಯಿರಿ" ಎಂದ. ಹತ್ತು ಮಾತ್ರೆಗೆ 190 ರೂಪಾಯಿ. ಎರಡು ತಿಂಗಳಲ್ಲಿ ಉರಿ ಅರ್ಧಕ್ಕೆ ಇಳಿಯಿತು, ಹೊದಿಕೆ ಪಾದಕ್ಕೆ ತಾಗಿದರೆ ಆಗುತ್ತಿದ್ದ ಕಿರಿಕಿರಿ ನಿಂತಿತು. ಒಂದು ಮಧ್ಯಾಹ್ನ, ನೂಲು ಎಣಿಸುವ ಭೂತಗನ್ನಡಿಯನ್ನು ಬಟ್ಟೆಯ ಮೇಲಿನಿಂದ ತೆಗೆದು ಆ ಪಟ್ಟಿಯ ಬೆನ್ನಿಗೆ ಇಟ್ಟೆ. ಬೆಳ್ಳಿ ಹಾಳೆಯ ಮೇಲೆ ಇರುವೆ ಸಾಲಿನಂಥ ಅಕ್ಷರ: ಮಿಥೈಲ್‌ಕೊಬಾಲಮಿನ್ 1500 ಮೈಕ್ರೋಗ್ರಾಂ, ಆಲ್ಫಾ ಲಿಪೊಯಿಕ್ ಆಸಿಡ್ 100 ಮಿಲಿಗ್ರಾಂ. ಪ್ರಯೋಗದಲ್ಲಿ ಕೊಟ್ಟದ್ದರ ಆರನೇ ಒಂದು ಭಾಗ! ಪಟ್ಟಿಯ ಮುಂಭಾಗದಲ್ಲಿ ದಪ್ಪಗೆ ಹೊಳೆಯುತ್ತಿದ್ದದ್ದು ಮಾತ್ರ ಆ ನೂರರ ಹೆಸರೇ.

ಮರುದಿನವೇ ಬರೀ ಬಿ12ಗೆ ಬದಲಾಯಿಸಿದೆ. ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯಿತು, ಪಾದ ಇದ್ದ ಹಾಗೆಯೇ ಇದೆ. ಒಂದು ಮಾತು ಒಪ್ಪಿಕೊಳ್ಳಬೇಕು. ಬಿ12 ದೇಹದಲ್ಲಿ ಬಹುಕಾಲ ಸಂಗ್ರಹವಾಗಿರುವ ವಸ್ತು, ಆದ್ದರಿಂದ ಮೊದಲಿನ ಮಾತ್ರೆಯ ಫಲ ನಂತರದ್ದರ ಖಾತೆಗೆ ಜಮೆಯಾಗಿರಬಹುದು. ಆದರೂ ನನ್ನ ಮತ ಅಗ್ಗದ್ದಕ್ಕೇ.

ಮಂಡಿಯ ಕತೆ ಬೇರೆ. ಇಲ್ಲಿ ಪೈಪೋಟಿ ಅರಿಸಿನ ಹಾಲಿಗೂ, ಅರಿಸಿನದ ಸತ್ವವಾದ ಕರ್ಕ್ಯುಮಿನ್‌ನ ಕ್ಯಾಪ್ಸೂಲಿಗೂ. ಅಡುಗೆಮನೆಯ ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ನೂರಕ್ಕೆ ಮೂರು ಪಾಲು. ಒಂದು ಚಮಚ ಹಾಕಿದರೂ ನೂರು ಮಿಲಿಗ್ರಾಂ ದಾಟುವುದು ಕಷ್ಟ, ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಎರಡು ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರಿತ್ತು. ಥಾಯ್ಲೆಂಡಿನಲ್ಲಿ 2014ರಲ್ಲಿ ಅರಿಸಿನದ ಸಾರವನ್ನು ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯ ಜೊತೆ ಹೋಲಿಸಿದಾಗ ಮಂಡಿ ಸವೆತದ ನೋವಿಗೆ ಅದು ಹಿಂದೆ ಬೀಳಲಿಲ್ಲ. ನನಗೂ ಹಾಲಿನಿಂದ ನಿದ್ದೆ ಚೆನ್ನಾಗಿ ಬಂದದ್ದು ಬಿಟ್ಟರೆ ಮಂಡಿಗೆ ಏನೂ ಆಗಲಿಲ್ಲ. ಮೆಣಸಿನ ಸತ್ವವಿರುವ ಕ್ಯಾಪ್ಸೂಲ್ ಮೂರನೇ ವಾರಕ್ಕೆ ಮೆಟ್ಟಿಲು ಹತ್ತುವುದನ್ನು ಹಗುರಮಾಡಿತು. ನೋವಿನ ಮಾತ್ರೆ ಇದಕ್ಕಿಂತ ಬೇಗ ಕೆಲಸ ಮಾಡುತ್ತದೆ, ಆದರೆ ಸಕ್ಕರೆ ಇರುವವರ ಮೂತ್ರಪಿಂಡಕ್ಕೆ ಅದು ಒಳ್ಳೆಯದಲ್ಲ. ಹಾಗೆಂದು ಕ್ಯಾಪ್ಸೂಲು ನಿರಪಾಯಕಾರಿಯೂ ಅಲ್ಲ: ಪೈಪರಿನ್ ಸೇರಿದ ಕರ್ಕ್ಯುಮಿನ್‌ನಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳಿವೆ, ಬೇರೆ ಔಷಧಿಗಳ ಪ್ರಭಾವವನ್ನೂ ಅದು ಏರುಪೇರು ಮಾಡಬಲ್ಲದು. ನೋವು ಹೆಚ್ಚಿದ ತಿಂಗಳಷ್ಟೇ, ಅದೂ ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳುತ್ತೇನೆ.

ವಿಟಮಿನ್ ಸಿ ಬಗ್ಗೆ ಹೆಚ್ಚು ಹೇಳಲು ಇಲ್ಲ. ಹತ್ತಿಯ ನವಿರು ಹಾರುವ ಕಾರ್ಖಾನೆಯಲ್ಲಿ ಎಲ್ಲರೂ 500 ಮಿಲಿಗ್ರಾಂನ ಕಿತ್ತಳೆ ರುಚಿಯ ಮಾತ್ರೆ ಚೀಪುತ್ತಾರೆ. ವರ್ಷವಿಡೀ ದಿನವೂ ತೆಗೆದುಕೊಂಡರೆ ದೊಡ್ಡವರ ನೆಗಡಿ ನೂರಕ್ಕೆ ಎಂಟು ಪಾಲು ಬೇಗ ಮುಗಿಯುತ್ತದೆ, ಅಂದರೆ ಏಳು ದಿನದ್ದು ಆರೂವರೆ ದಿನ. ಸೀನು ಶುರುವಾದ ಮೇಲೆ ಚೀಪಿದರೆ ಅದೂ ಖಾತ್ರಿಯಿಲ್ಲ. ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ. ಕಾರ್ತಿಕದಲ್ಲಿ ತುಳಸಿ ಲಗ್ನಕ್ಕೆ ತಂದ ಒಂದು ದಪ್ಪ ಬೆಟ್ಟದ ನೆಲ್ಲಿಕಾಯಿಯೇ ಅಷ್ಟು ಕೊಡುತ್ತದೆ. ಉಳಿದ ತಿಂಗಳು ಸೀಬೆ, ನಮ್ಮಲ್ಲಿ ಜಾಮಕಾಯಿ. ಆ ಚೀಪುವ ಮಾತ್ರೆಯಲ್ಲಿ ಸಕ್ಕರೆಯೂ ಇತ್ತು ಎಂಬುದನ್ನು ನೋಡಿದ್ದು ನಾನಲ್ಲ, ನನ್ನ ಹೆಂಡತಿ.

ಇಸ್ತ್ರಿ ಮಾಡುವ ಹುಡುಗ ಬೀಟಾ ಕ್ಯಾರೊಟೀನ್ ಎಂಬ ಇನ್ನೊಂದು ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ನುಂಗುತ್ತಿದ್ದ, ಬೀಡಿ ಸೇದಿದ್ದಕ್ಕೆ ಪರಿಹಾರವಾಗಲಿ ಎಂದು. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಹೇಳಿದೆ. ಕ್ಯಾಪ್ಸೂಲ್ ಬಿಟ್ಟ, ಬೀಡಿ ಇನ್ನೂ ಕಿವಿಯ ಮೇಲಿದೆ.

ಮುಂದಿನ ತಿಂಗಳು ನನ್ನ ಬಿ12 ಮತ್ತೆ ನೋಡಬೇಕು. ಅಲ್ಲಿಯವರೆಗೆ ಇರಲಿ ಎಂದು ಕತ್ತರಿಸುವ ಮೇಜಿನ ಕೆಳಗೆ ರಬ್ಬರ್ ಹಾಸು ಹಾಕಿಸಿಕೊಂಡಿದ್ದೇನೆ. ಸಂಜೆಯ ಹೊತ್ತಿಗೆ ಪಾದಕ್ಕೆ ಅದರಿಂದಲೂ ಹಾಯೆನಿಸುತ್ತದೆ. ಮಾಲೀಕರು ಹಾಸಿನ ಹಣ ಇನ್ನೂ ಕೊಟ್ಟಿಲ್ಲ.