ರೆನ್ ಅಂಡ್ ಮಾರ್ಟಿನ್, ಮರ್ಫಿ, ಇಲ್ಲಾ ತಿದ್ದುವ ಆ್ಯಪ್: ಇಂಗ್ಲಿಷ್ ಗ್ರಾಮರ್‌ಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮರ್ಫಿಗೆ. ನಾನು ಓದಿದ್ದು ಕನ್ನಡ ಮೀಡಿಯಂ, ಈಗ ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಮೇಲ್ ಬರೆಯುವ ಕೆಲಸ. ಮಾತಿಗೆ ತೊಂದರೆ ಇಲ್ಲ. ಬರೆಯಲು ಕೂತಾಗ ‘ಎ’ ಹಾಕಬೇಕೋ, ‘ದಿ’ ಹಾಕಬೇಕೋ, ಎರಡೂ ಬೇಡವೋ ಅಂತ ಕೈ ನಿಲ್ಲುತ್ತದೆ. ಅದಕ್ಕೇ ಗ್ರಾಮರನ್ನು ಬುಡದಿಂದ ನೋಡೋಣ ಅಂತ ಹೊರಟೆ.

ರೆನ್ ಅಂಡ್ ಮಾರ್ಟಿನ್ 1935ರ ಪುಸ್ತಕ. ಪರೀಕ್ಷೆಗೆ ಓದುವವರ ಮೇಜಿನ ಮೇಲೆ ಇವತ್ತಿಗೂ ಇರುತ್ತದೆ. ವಾಕ್ಯವನ್ನು ಉಪವಾಕ್ಯಗಳಾಗಿ ಬಿಡಿಸಿ, ಯಾವ ತುಂಡು ಯಾವುದಕ್ಕೆ ಜೋತುಬಿದ್ದಿದೆ ಅಂತ ತೋರಿಸುವುದರಲ್ಲಿ ಅದು ಗಟ್ಟಿ. ಆದರೆ ಅಲ್ಲಿ ಗ್ರಾಮರಿನ ಹೆಸರುಗಳು ಮೊದಲು, ಬಳಕೆ ಆಮೇಲೆ. ಉತ್ತರಗಳ ಪುಸ್ತಕವನ್ನು ಬೇರೆ ಕೊಳ್ಳಬೇಕು. ಒಬ್ಬನೇ ಕೂತು ಕಲಿಯುವವನಿಗೆ ಇದು ಕಿರಿಕಿರಿ, ಅಲ್ವಾ?

ರೇಮಂಡ್ ಮರ್ಫಿಯವರ ಇಂಗ್ಲಿಷ್ ಗ್ರಾಮರ್ ಇನ್ ಯೂಸ್ ಬಂದದ್ದು 1985ರಲ್ಲಿ. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ, ಹಿಂದೆ ಉತ್ತರ. 145 ಪಾಠ. ಬೆಳಿಗ್ಗೆ ಕಾಫಿ ಮುಗಿಯುವಷ್ಟರಲ್ಲಿ ಒಂದಾಗುತ್ತದೆ, ನನ್ನ ತಾಳ್ಮೆ ಇರುವುದೂ ಅಷ್ಟೇ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಅಂತ ನಮ್ಮಲ್ಲಿ ಎಷ್ಟು ಜನ ಬರೆಯುವುದಿಲ್ಲ! ನಿನ್ನೆ ಅಂತ ಮುಗಿದ ಹೊತ್ತನ್ನು ಹೇಳಿದ ಮೇಲೆ ‘ಹ್ಯಾವ್’ ಬರುವಂತಿಲ್ಲ, ‘ಐ ಸಾ ಹಿಮ್’ ಅಷ್ಟೇ. ಇದನ್ನು ಮರ್ಫಿ ಒಂದೇ ಸಲ ಹೇಳಿ ಬಿಡುವುದಿಲ್ಲ. ಪಾಠದ ಮೇಲೆ ಪಾಠ ಇಟ್ಟು, ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಉಜ್ಜಿಸುತ್ತಾರೆ. ‘ಎ’, ‘ದಿ’ಗಳಿಗೂ ಹಲವು ಪಾಠ.

ತೊಡಕು ಒಂದಿದೆ, ಸಣ್ಣದಲ್ಲ. ಮರ್ಫಿಯಲ್ಲಿ ಪಂಕ್ಚುಯೇಶನ್‌ಗೆ ಅಂತ ಪಾಠವೇ ಇಲ್ಲ. ನನ್ನ ಮೇಲ್‌ಗಳಲ್ಲಿ ಕೆಂಪು ಗೆರೆ ಜಾಸ್ತಿ ಬೀಳುವುದೇ ಅಲ್ಲಿ. ‘ದಿ ಬಿಲ್ ಈಸ್ ರೆಡಿ, ಐ ವಿಲ್ ಸೆಂಡ್ ಇಟ್ ಟುಡೇ.’ ‘ಬಿಲ್ ರೆಡಿ ಇದೆ, ಇವತ್ತೇ ಕಳಿಸ್ತೀನಿ’ ಅಂತ ಕನ್ನಡದಲ್ಲಿ ಸಲೀಸಾಗಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ಅವು ಎರಡು ಪೂರ್ತಿ ವಾಕ್ಯ. ಬರೀ ಕಾಮಾ ಅವನ್ನು ಹಿಡಿದಿಡುವುದಿಲ್ಲ. ನಡುವೆ ಫುಲ್‌ಸ್ಟಾಪ್ ಇಲ್ಲಾ ಸೆಮಿಕೋಲನ್ ಬೇಕು, ಅಥವಾ ಕಾಮಾ ಜೊತೆಗೆ ಒಂದು ‘ಅಂಡ್’. ‘ಹೌಎವರ್’ ಹಾಕಿದರೂ ಅಷ್ಟೇ, ಅದರ ಹಿಂದೆ ಕಾಮಾ ಮಾತ್ರ ಇದ್ದರೆ ಸಾಲದು.

ಮರ್ಫಿ ಕಾಮಾ ತಂಟೆಗೇ ಹೋಗುವುದಿಲ್ಲ ಅಂತಲ್ಲ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು’ ಅಂತ ಕಾಮಾ ಇಲ್ಲದೆ ಬರೆದರೆ ಅಣ್ಣಂದಿರು ಹಲವರಿದ್ದಾರೆ, ಅವರಲ್ಲಿ ಮೈಸೂರಿನವನು ಅಂತ. ‘ಹೂ’ ಹಿಂದೆ ಕಾಮಾ ಬಂದರೆ ಯಾವ ಅಣ್ಣ ಅನ್ನುವುದು ಮೊದಲೇ ಗೊತ್ತು, ಊರು ಸುಮ್ನೆ ಹೆಚ್ಚಿನ ಮಾಹಿತಿ. ಈ ಜಾತಿಯದ್ದನ್ನು ಚೆನ್ನಾಗಿ ಹೇಳುತ್ತಾರೆ. ಅದರಾಚೆಗೆ ನಾನು ರೆನ್ ಅಂಡ್ ಮಾರ್ಟಿನ್‌ನ ಪಂಕ್ಚುಯೇಶನ್ ಅಧ್ಯಾಯಕ್ಕೇ ಹೋದೆ. ಪುಸ್ತಕ ಬೇಡ ಅನ್ನುವವರಿಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಆನ್‌ಲೈನ್ ರೈಟಿಂಗ್ ಲ್ಯಾಬ್ ಇದೆ. ಕಾಮಾದಿಂದ ವಾಕ್ಯಗಳನ್ನು ಅಂಟಿಸುವ ತಪ್ಪಿಗೆ ಅಲ್ಲಿ ಪ್ರತ್ಯೇಕ ವಿವರಣೆಯೇ ಉಂಟು, ಅದೂ ಪುಕ್ಕಟೆ.

ತಿದ್ದುವ ಆ್ಯಪ್? ಗೆರೆ ಎಳೆಯುತ್ತದೆ, ಒತ್ತುತ್ತೇನೆ, ಸರಿಹೋಗುತ್ತದೆ. ಮರುದಿನ ಅದೇ ತಪ್ಪು, ಅದೇ ಗೆರೆ.

ಪರೀಕ್ಷೆ ಬರೆಯುವವರು ರೆನ್ ಅಂಡ್ ಮಾರ್ಟಿನ್ ಬಿಡಬೇಡಿ, ಉತ್ತರದ ಪುಸ್ತಕವನ್ನೂ ಒಟ್ಟಿಗೇ ತನ್ನಿ. ನನ್ನಂಥವರಿಗೆ ಮರ್ಫಿಯ ನೀಲಿ ರಟ್ಟಿನದು ಸಾಕು. ‘ಈಸ್’, ‘ವಾಸ್’ನಲ್ಲೇ ತಡವರಿಸುವವರು ಅವರದೇ ಕೆಂಪು ರಟ್ಟಿನ ಎಸೆನ್ಶಿಯಲ್ ಗ್ರಾಮರ್ ಇನ್ ಯೂಸ್‌ನಿಂದ ಶುರು ಮಾಡಲಿ. ದುಡ್ಡು ಉಳಿಸೋಣ ಅಂದರೆ ಬೆಂಗಳೂರಿನ ಅವೆನ್ಯೂ ರೋಡ್‌ನಲ್ಲಿ ಹಳೇ ಪ್ರತಿ ಹುಡುಕಬಹುದು. ಬಲಪುಟ ತಿರುವಿ ನೋಡಿಯೇ ಕೊಳ್ಳಿ. ನನಗೆ ಸಿಕ್ಕ ಪ್ರತಿಯಲ್ಲಿ ಯಾರೋ ಪುಣ್ಯಾತ್ಮರು ಅರ್ಧ ಪುಸ್ತಕದ ಖಾಲಿ ಜಾಗಗಳನ್ನು ಬಾಲ್‌ಪೆನ್ನಿನಲ್ಲಿ ತುಂಬಿಟ್ಟಿದ್ದರು, ಅರ್ಧಕ್ಕರ್ಧ ತಪ್ಪು.