ಮಾಟುಂಗದಲ್ಲಿ ಮನೆ: ಬಾಡಿಗೆಗೆ ಬರುವವರಿಗೂ ಕೊಳ್ಳುವವರಿಗೂ ಒಂದು ವಿಮರ್ಶೆ

ಮುಂಬಯಿಯಲ್ಲಿ ಮನೆ ಹುಡುಕಲು ಹೊರಟವರು ಬೆಲೆ ವಿಚಾರಿಸುವುದಕ್ಕೆ ಮೊದಲು ಈ ನಗರದ ಎರಡು ಭಾಗಗಳ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಏಳು ದ್ವೀಪಗಳ ನಡುವಿನ ಜೌಗು ನೆಲವನ್ನು ತುಂಬಿ ಒಂದಾಗಿಸಿದ, ಕೊಲಾಬಾದಿಂದ ಮಾಹಿಮ್ ಮತ್ತು ಸಯನ್‌ವರೆಗಿನ ಭಾಗವನ್ನು ಸರ್ಕಾರಿ ಕಡತಗಳು ಇಂದಿಗೂ ದ್ವೀಪನಗರ ಎಂದೇ ಕರೆಯುತ್ತವೆ. ಅದರಾಚೆಗೆ ಇರುವುದೆಲ್ಲ ಉಪನಗರ. ಕಟ್ಟಡಗಳ ವಯಸ್ಸು, ಹಳೆಯ ಬಾಡಿಗೆದಾರರ ಹಕ್ಕು, ದುರಸ್ತಿಗಾಗಿ ಕಟ್ಟುವ ಸೆಸ್, ಪುನರ್ನಿರ್ಮಾಣದ ನಿಯಮ ಇವೆಲ್ಲವೂ ಆ ಗೆರೆಯ ಈಚೆಗೆ ಒಂದು ಬಗೆ, ಆಚೆಗೆ ಇನ್ನೊಂದು ಬಗೆ. ಮಾಟುಂಗ ಈ ದ್ವೀಪನಗರದ ಉತ್ತರದ ಅಂಚಿನಲ್ಲಿರುವ ಬಡಾವಣೆ. ಇಲ್ಲಿ ಬಾಡಿಗೆಗೆ ಇದ್ದುಕೊಂಡು, ಕೊಳ್ಳುವ ಯೋಚನೆಯಿಂದ ಹಲವು ಮನೆಗಳ ಕಾಗದಪತ್ರಗಳನ್ನು ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಬದುಕಲು ಮುಂಬಯಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗಗಳು ಕಡಿಮೆ, ಆದರೆ ಬಾಡಿಗೆಯ ಆದಾಯವನ್ನು ನೆಚ್ಚಿ ಹಣ ಹೂಡುವವರಿಗೆ ಇದು ತಕ್ಕ ಜಾಗವಲ್ಲ.

ಬಡಾವಣೆಯ ಗುಣಕ್ಕೆ ಕಾರಣ ಅದರ ಹುಟ್ಟಿನಲ್ಲಿಯೇ ಇದೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಕಿಕ್ಕಿರಿದ ಹಳೆಯ ಕೇರಿಗಳಲ್ಲಿ ಜನರನ್ನು ಬಲಿ ತೆಗೆದುಕೊಂಡಾಗ, ಗಾಳಿ ಬೆಳಕು ಇರುವ ಹೊಸ ಬಡಾವಣೆಗಳನ್ನು ಕಟ್ಟಲು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್, ಮಾಟುಂಗ, ವಡಾಲ, ಸಯನ್ ಪ್ರದೇಶಗಳನ್ನು ಆ ಟ್ರಸ್ಟ್ ನಕ್ಷೆ ಹಾಕಿ ಬೆಳೆಸಿತು. ಅಗಲವಾದ ರಸ್ತೆಗಳು, ಕಟ್ಟಡಗಳ ನಡುವೆ ಬಿಟ್ಟ ಜಾಗ, ಸಾಲುಮರಗಳು, ಫೈವ್ ಗಾರ್ಡನ್ಸ್‌ನಂತಹ ಉದ್ಯಾನಗಳು ಆ ಕಾಲದ ಯೋಜನೆಯ ಫಲ. ಮಳೆಮರಗಳ ನೆರಳಿನಲ್ಲಿ, ಮೂರು ನಾಲ್ಕು ಅಂತಸ್ತಿನ ದುಂಡು ಬಾಲ್ಕನಿಗಳ ಹಳೆಯ ಮನೆಗಳ ಮುಂದೆ ಬೆಳಗಿನ ಹೊತ್ತು ನಡೆಯುವಾಗ, ನಗರಯೋಜನೆ ಎನ್ನುವುದು ಮನುಷ್ಯರ ದಿನಚರಿಯನ್ನು ಎಷ್ಟು ಹಗುರ ಮಾಡಬಲ್ಲದು ಎಂಬುದು ಅರಿವಿಗೆ ಬರುತ್ತದೆ. ಇಂದು ಕೊಡುವ ಬೆಲೆಯ ದೊಡ್ಡ ಪಾಲು ನೂರು ವರ್ಷಗಳ ಹಿಂದೆ ಎಳೆದ ಈ ಗೆರೆಗಳಿಗೆ ಸಲ್ಲುತ್ತದೆ.

ಓಡಾಟದ ಅನುಕೂಲವನ್ನು ಬಹಳ ವಿವರಿಸಬೇಕಾಗಿಲ್ಲ. ಮಧ್ಯ ರೈಲ್ವೆಯ ಮಾಟುಂಗ, ಪಶ್ಚಿಮ ರೈಲ್ವೆಯ ಮಾಟುಂಗ ರೋಡ್, ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್ ಎಂದು ಮೂರು ಮಾರ್ಗಗಳ ನಿಲ್ದಾಣಗಳು ನಡೆದು ಹೋಗುವಷ್ಟು ದೂರದಲ್ಲಿವೆ. ಮಾಟುಂಗದಲ್ಲಿ ನಿಧಾನದ ಲೋಕಲ್‌ಗಳು ಮಾತ್ರ ನಿಲ್ಲುತ್ತವೆ. ವೇಗದ ಗಾಡಿಗೆ ಒಂದು ನಿಲ್ದಾಣ ಹಿಂದಕ್ಕೆ ದಾದರಿಗೆ ಹೋಗಬೇಕು. ಕಿಂಗ್ಸ್ ಸರ್ಕಲ್‌ನಿಂದ ನವಿ ಮುಂಬಯಿಗೆ ಹೋಗುವವರು ಹೆಚ್ಚಾಗಿ ವಡಾಲದಲ್ಲಿ ಗಾಡಿ ಬದಲಿಸಬೇಕು. ಮಾಟುಂಗ ನಿಲ್ದಾಣವನ್ನು 2017ರಿಂದ ಮಹಿಳಾ ಸಿಬ್ಬಂದಿಯೇ ನಡೆಸಿಕೊಂಡು ಬಂದದ್ದು ಈ ಊರಿನವರು ಹೆಮ್ಮೆಯಿಂದ ಹೇಳುವ ಮಾತು. ಊರಿಗೆ ಹೋಗುವ ಕನ್ನಡಿಗರಿಗೆ ದಾದರಿನಿಂದ ಮೈಸೂರಿಗೆ ಹೊರಡುವ ಶರಾವತಿ ಎಕ್ಸ್‌ಪ್ರೆಸ್ ಹತ್ತಿರ, ಕರಾವಳಿಯ ಖಾಸಗಿ ಬಸ್ಸುಗಳು ಸಯನ್‌ನಲ್ಲಿ ಸಿಗುತ್ತವೆ.

ಮಕ್ಕಳಿರುವ ಕುಟುಂಬಗಳಿಗೆ ಮಾಟುಂಗ ಕೊಡುವ ದೊಡ್ಡ ಲಾಭ ವಿದ್ಯಾಸಂಸ್ಥೆಗಳದ್ದು. 1887ರಲ್ಲಿ ಸ್ಥಾಪನೆಯಾದ ವಿಜೆಟಿಐ ಎಂಜಿನಿಯರಿಂಗ್ ಕಾಲೇಜು, ರಾಸಾಯನಿಕ ತಂತ್ರಜ್ಞಾನಕ್ಕೆ ಹೆಸರಾದ ಐಸಿಟಿ, ರುಯಿಯಾ, ಪೋದಾರ್, ಖಾಲ್ಸಾ ಕಾಲೇಜುಗಳು, ಡಾನ್ ಬಾಸ್ಕೊ ಶಾಲೆ ಎಲ್ಲವೂ ಇಲ್ಲಿಯೇ ಅಥವಾ ಕಾಲ್ನಡಿಗೆಯ ಅಂತರದಲ್ಲಿವೆ. ಹದಿನೈದು ವರ್ಷ ಇಲ್ಲಿಯೇ ಓದಿಸುವ ಕುಟುಂಬವೊಂದು ಶಾಲೆಯ ಬಸ್ಸಿಗೂ ಹಾಸ್ಟೆಲ್ಲಿಗೂ ಕೊಡಬೇಕಾದ ಹಣವನ್ನು, ಅದಕ್ಕಿಂತ ಮುಖ್ಯವಾಗಿ ಮಕ್ಕಳ ಸಮಯವನ್ನು ಉಳಿಸುತ್ತದೆ. ಮನೆಯ ಬೆಲೆಯನ್ನು ತೂಗುವಾಗ ಇದನ್ನು ಲೆಕ್ಕಕ್ಕೆ ಹಿಡಿಯದವರು ಮಾಟುಂಗವನ್ನು ದುಬಾರಿ ಎಂದು ತಳ್ಳಿಹಾಕುತ್ತಾರೆ.

ಊಟ ತಿಂಡಿಯ ವಿಷಯಕ್ಕೆ ಬಂದರೆ ಪಕ್ಷಪಾತವಿಲ್ಲದೆ ಬರೆಯುವುದು ಕಷ್ಟ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ, ಮುಂದೆ ತಾವೇ ಹೋಟೆಲು ತೆರೆದ ಜನರ ಶ್ರಮ ಈ ಬೀದಿಗಳಲ್ಲಿ ಇಂದಿಗೂ ಜೀವಂತವಾಗಿದೆ. ರೈಲು ನಿಲ್ದಾಣದ ಬಳಿ ಎ. ರಾಮ ನಾಯಕ್ ಅವರು 1942ರಲ್ಲಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆ ಎಲೆಯ ಮೇಲೆ ಊಟ ಬಡಿಸುತ್ತಾರೆ. 1939ರ ರಾಮ ಆಶ್ರಯದಲ್ಲಿ ಬೆಳಗಿನ ಜಾವದಿಂದಲೇ ಜನ ಸೇರುತ್ತಾರೆ. 1940ರಿಂದ ಇರುವ ಕೆಫೆ ಮದ್ರಾಸ್‌ನಲ್ಲಿ ರಸಂ ಇಡ್ಲಿಗೂ ರಾಗಿ ದೋಸೆಗೂ ಭಾನುವಾರ ರಸ್ತೆಯಲ್ಲಿ ಸಾಲು ನಿಲ್ಲಬೇಕು. ಪೇಟೆಯಲ್ಲಿ ಬಾಳೆ ಎಲೆ, ಮಲ್ಲಿಗೆ, ವೀಳ್ಯದೆಲೆ, ಬೂದುಗುಂಬಳ, ಕೆಸುವಿನ ಗಡ್ಡೆ, ಆಗಷ್ಟೇ ಹುರಿದು ಪುಡಿ ಮಾಡಿಕೊಡುವ ಕಾಫಿ ಸಿಗುತ್ತವೆ. ಹಬ್ಬದ ಸಾಮಾನಿಗೆ ಉಪನಗರಗಳಿಂದ ಜನ ರೈಲು ಹತ್ತಿ ಇಲ್ಲಿಗೆ ಬರುವುದನ್ನು ನೋಡಿದರೆ, ಅದು ಮನೆಯ ಕೆಳಗೇ ಸಿಗುವವರ ಭಾಗ್ಯ ಎಂಥದ್ದು ಎಂದು ಗೊತ್ತಾಗುತ್ತದೆ.

ಕನ್ನಡದ ಓದುಗರಿಗಾಗಿ ಇನ್ನೊಂದು ಮಾತನ್ನು ಸೇರಿಸಲೇಬೇಕು. ಭಾವು ದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಷನ್ 1926ರಲ್ಲಿ ಸ್ಥಾಪನೆಯಾದದ್ದು. ಪಶ್ಚಿಮದ ಬದಿಯಲ್ಲಿ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರವಿದೆ. ನಾಟಕ, ಉಪನ್ಯಾಸ, ಸಂಗೀತಕ್ಕೆ ಸಂಜೆ ಚಪ್ಪಲಿ ಮೆಟ್ಟಿ ನಡೆದು ಹೋಗಿ ಬರಬಹುದು. 1963ರಲ್ಲಿ ಕಟ್ಟಿದ ಷಣ್ಮುಖಾನಂದ ಸಭಾಂಗಣವೂ ಕಿಂಗ್ಸ್ ಸರ್ಕಲ್‌ಗೆ ತಾಗಿಯೇ ಇದೆ. 1955ರಿಂದ ನಡೆಯುತ್ತಿರುವ ಜಿಎಸ್‌ಬಿ ಸೇವಾ ಮಂಡಲದ ಗಣೇಶೋತ್ಸವದ ಐದು ದಿನ ಇಡೀ ಮುಂಬಯಿಯೇ ಇತ್ತ ಹರಿದು ಬರುತ್ತದೆ. ಆ ದಿನಗಳಲ್ಲಿ ಕಾರು ತೆಗೆಯುವ ಯೋಚನೆಯನ್ನೇ ಬಿಡಬೇಕು. ಆದರೆ ಹಿಂದಿನ ಹಾಗೆ ಮೆಟ್ಟಿಲಿನಲ್ಲಿ ಕನ್ನಡವೋ ತಮಿಳೋ ಕೇಳಿಬರುತ್ತದೆಂದು ನಿರೀಕ್ಷಿಸಬಾರದು. ದಕ್ಷಿಣದ ಬಹಳಷ್ಟು ಕುಟುಂಬಗಳು ಚೆಂಬೂರು, ಮುಲುಂಡ್, ಡೊಂಬಿವಲಿ, ನವಿ ಮುಂಬಯಿಗೆ ಹೋಗಿವೆ. ಪೂರ್ವದ ಬದಿಯಲ್ಲಿ ಈಗ ಕಛ್ ಮತ್ತು ಗುಜರಾತಿನ ಮೂಲದವರ ಸಂಖ್ಯೆ ದೊಡ್ಡದು. ಇದರ ಒಂದು ಪರಿಣಾಮವನ್ನು ಕರಾವಳಿಯ ಓದುಗರು ಮುಂಚಿತವಾಗಿ ತಿಳಿದಿರಬೇಕು: ಮೀನು ಮಾಂಸ ಬೇಯಿಸುವವರಿಗೆ ಮನೆ ಕೊಡಲು ಒಪ್ಪದ ಮಾಲೀಕರೂ ಸೊಸೈಟಿಗಳೂ (ಕಟ್ಟಡದ ಮನೆಯವರ ಸಹಕಾರಿ ಸಂಘಗಳು) ಇಲ್ಲಿ ಇದ್ದಾರೆ. ಬರಹದಲ್ಲಿ ಎಲ್ಲಿಯೂ ಇಲ್ಲದ ಈ ನಿರ್ಬಂಧವನ್ನು ದಲ್ಲಾಳಿ ಮೊದಲ ಫೋನಿನಲ್ಲಿಯೇ ಹೇಳುತ್ತಾನೆ. ಇದು ನನಗೆ ಒಪ್ಪಿಗೆಯಾದ ಸಂಗತಿಯಲ್ಲ, ಒಂದು ಒಳ್ಳೆಯ ಬಡಾವಣೆಗೆ ಇದು ಶೋಭೆ ತರುವುದೂ ಇಲ್ಲ.

ಇನ್ನು ಮಳೆ. ಕಿಂಗ್ಸ್ ಸರ್ಕಲ್ ಮತ್ತು ಗಾಂಧಿ ಮಾರ್ಕೆಟ್ ಸುತ್ತಲಿನ ನೆಲ ತಗ್ಗಿನಲ್ಲಿದೆ. ಮುಂಬಯಿಯ ಹಳೆಯ ಮಳೆನೀರಿನ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕಕ್ಕೆ ಕಟ್ಟಲಾಗಿತ್ತು. ಅದನ್ನು 50ಕ್ಕೆ ಏರಿಸುವ ಕೆಲಸ ಹಲವು ವರ್ಷಗಳಿಂದ ನಡೆದಿದೆ. ಸಮುದ್ರದಲ್ಲಿ ಉಬ್ಬರವಿರುವಾಗಲೇ ಜೋರು ಮಳೆ ಬಂದರೆ ಚರಂಡಿಯ ನೀರು ಹೊರಗೆ ಹೋಗುವ ದಾರಿ ಮುಚ್ಚಿ, ನೀರು ರಸ್ತೆಯ ಮೇಲೆಯೇ ನಿಲ್ಲುತ್ತದೆ. ಪಾಲಿಕೆ ಪಂಪುಗಳನ್ನು ಹಾಕಿದ ಮೇಲೆ ನೀರು ಇಳಿಯುವ ವೇಗ ಹೆಚ್ಚಿದೆ, ನಿಲ್ಲುವುದು ತಪ್ಪಿಲ್ಲ. ಹಾಗಾಗಿ ಈ ಭಾಗದಲ್ಲಿ ನೆಲಮಹಡಿಯ ಮನೆಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದೆಂದು ನಾನು ಹೇಳುತ್ತೇನೆ. ಮೇಲಿನ ಮಹಡಿಯಾದರೂ ಕಟ್ಟಡದ ವಿದ್ಯುತ್ ಮೀಟರುಗಳು, ನೀರಿನ ಪಂಪು, ಲಿಫ್ಟಿನ ಗುಂಡಿ ಎಷ್ಟು ಎತ್ತರದಲ್ಲಿವೆ ಎಂದು ಕಣ್ಣಾರೆ ನೋಡಬೇಕು, ಏಕೆಂದರೆ ನೀರು ಮನೆಯೊಳಗೆ ಬರದಿದ್ದರೂ ಅವು ಮುಳುಗಿದರೆ ಇಡೀ ಕಟ್ಟಡ ಕತ್ತಲಲ್ಲಿ ಉಳಿಯುತ್ತದೆ. ಕಾರು ನಿಲ್ಲಿಸುವ ತಾಪತ್ರಯವೂ ಸಣ್ಣದಲ್ಲ. ಹಳೆಯ ಕಟ್ಟಡಗಳು ಕಾರುಗಳಿಗಾಗಿ ಕಟ್ಟಿದವುಗಳಲ್ಲ.

ಈಗ ಹಣದ ವಿಚಾರ. ಒಂದು ಕಲ್ಪಿತ ಲೆಕ್ಕವನ್ನು ಹಾಕೋಣ. ನಾಲ್ಕು ಕೋಟಿ ರೂಪಾಯಿಗೆ ಒಂದು ಮನೆ ಕೊಂಡು ತಿಂಗಳಿಗೆ ಒಂದು ಲಕ್ಷಕ್ಕೆ ಬಾಡಿಗೆ ಕೊಟ್ಟರೆ ವರ್ಷಕ್ಕೆ ಬರುವುದು ಹನ್ನೆರಡು ಲಕ್ಷ, ಅಂದರೆ ಶೇಕಡಾ 3. ಅದರಲ್ಲಿ ಸೊಸೈಟಿಯ ನಿರ್ವಹಣಾ ವೆಚ್ಚ, ಆಸ್ತಿ ತೆರಿಗೆ, ಮಾಲೀಕ ತಾನೇ ವಾಸಿಸದಿದ್ದರೆ ಸೊಸೈಟಿ ವಿಧಿಸುವ ಹೆಚ್ಚುವರಿ ಶುಲ್ಕ ಕಳೆಯಬೇಕು. ಈ ಶುಲ್ಕ ಸೇವಾವೆಚ್ಚದ ಶೇಕಡಾ 10ನ್ನು ಮೀರುವಂತಿಲ್ಲ ಎಂಬ ಮಿತಿ ಇದೆ. ಕೊಳ್ಳುವಾಗ ಮುದ್ರಾಂಕ ಶುಲ್ಕ ಶೇಕಡಾ 6, ಅಂದರೆ ಇಪ್ಪತ್ತನಾಲ್ಕು ಲಕ್ಷ. ಕೊಳ್ಳುವವರು ಮಹಿಳೆಯಾದರೆ ಶೇಕಡಾ 1ರ ರಿಯಾಯಿತಿ. ನೋಂದಣಿಗೆ 30,000 ರೂಪಾಯಿ. ಹೀಗೆ ಮೊದಲ ಎರಡು ವರ್ಷಗಳ ಬಾಡಿಗೆ ಮುದ್ರಾಂಕಕ್ಕೇ ಹೋಗುತ್ತದೆ. ಗೃಹಸಾಲದ ಬಡ್ಡಿ ಬಾಡಿಗೆಯ ಆದಾಯಕ್ಕಿಂತ ಬಹಳ ಹೆಚ್ಚಿರುವಾಗ, ಸಾಲ ಮಾಡಿ ಬಾಡಿಗೆಗೆ ಕೊಡಲು ಮನೆ ಕೊಳ್ಳುವುದರಲ್ಲಿ ಅರ್ಥವಿಲ್ಲ. ಬೆಲೆ ಏರುತ್ತದೆ ಎಂಬ ನಂಬಿಕೆಯೊಂದೇ ಉಳಿಯುವ ಆಧಾರ, ಮತ್ತು ಇಷ್ಟು ದೊಡ್ಡ ಮೊತ್ತದ ಮನೆಯನ್ನು ಬೇಕೆಂದಾಗ ಮಾರಲು ಗಿರಾಕಿ ತಕ್ಷಣ ಸಿಗುವುದಿಲ್ಲ.

ಅಗ್ಗವಾಗಿ ಕಾಣುವ ಮನೆಗಳು ಎದುರಾದರೆ ಅವು ಹೆಚ್ಚಾಗಿ ಪಗಡಿಯವು. ಪಗಡಿ ಎಂದರೆ ಒಡೆತನವಲ್ಲ. ಒಳಬರುವಾಗ ದೊಡ್ಡ ಮೊತ್ತ ಕೊಟ್ಟು, ಆಮೇಲೆ ತಿಂಗಳಿಗೆ ಅತ್ಯಲ್ಪ ಬಾಡಿಗೆ ಕಟ್ಟುತ್ತ, ತಲೆಮಾರುಗಳವರೆಗೆ ಇರಬಹುದಾದ ಬಾಡಿಗೆಯ ಹಕ್ಕು ಅದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಈ ಕೊಡುಕೊಳ್ಳುವಿಕೆಗೆ ಮಾನ್ಯತೆ ಕೊಟ್ಟಿದೆ. ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಕಟ್ಟಡದ ಮಾಲೀಕನ ಒಪ್ಪಿಗೆ ಬೇಕು, ಬಂದ ಹಣದಲ್ಲಿ ಅವನಿಗೆ ಸಾಮಾನ್ಯವಾಗಿ ಮೂರನೆಯ ಒಂದು ಪಾಲು ಸಲ್ಲುತ್ತದೆ. ಬ್ಯಾಂಕುಗಳು ಇಂತಹ ಮನೆಗೆ ಸಾಲ ಕೊಡಲು ಸಾಮಾನ್ಯವಾಗಿ ಮುಂದೆ ಬರುವುದಿಲ್ಲ. ಹಾಗಿದ್ದೂ ಜನ ಕೊಳ್ಳುವುದು ಪುನರ್ನಿರ್ಮಾಣದ ಆಸೆಯಿಂದ: ದುರಸ್ತಿಯ ಸೆಸ್ ಕಟ್ಟುವ ದ್ವೀಪನಗರದ ಹಳೆಯ ಕಟ್ಟಡಗಳಿಗೆ ಅನ್ವಯಿಸುವ, ಮುಂಬಯಿಯ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 33(7) ನಿಯಮದಡಿ ಕಟ್ಟಡವನ್ನು ಕೆಡವಿ ಕಟ್ಟಿದಾಗ, ಪಗಡಿಯ ಬಾಡಿಗೆದಾರನಿಗೆ ಕನಿಷ್ಠ 300 ಚದರ ಅಡಿ ಕಾರ್ಪೆಟ್ ವಿಸ್ತೀರ್ಣದ (ಗೋಡೆಗಳೊಳಗೆ ಬಳಸಲು ಸಿಗುವ ಜಾಗದ) ಮನೆ ಹಣ ಕೊಡದೆಯೇ ಸ್ವಂತದ್ದಾಗಿ ಸಿಗುತ್ತದೆ. ಸಿಕ್ಕರೆ ಅದು ದೊಡ್ಡ ಲಾಭವೇ ಸರಿ. ಆದರೆ ಅರ್ಧಕ್ಕಿಂತ ಹೆಚ್ಚು ನಿವಾಸಿಗಳ ಒಪ್ಪಿಗೆ, ಮಾಲೀಕನ ವಾರಸುದಾರರ ನಡುವಿನ ಒಮ್ಮತ, ಬಿಲ್ಡರನ ಹಣಬಲ ಇವು ಮೂರೂ ಒಟ್ಟಿಗೆ ಕೂಡಿಬರಬೇಕು. ನಾನು ನೋಡಿದ ಒಂದು ಕಟ್ಟಡದ ನಿವಾಸಿಗಳು ಮನೆ ತೆರವು ಮಾಡಿಕೊಟ್ಟ ಮೇಲೆ ಬಿಲ್ಡರ್ ಬದಲಿ ಮನೆಯ ಬಾಡಿಗೆ ಕೊಡುವುದನ್ನು ನಿಲ್ಲಿಸಿದ. ಎಪ್ಪತ್ತು ದಾಟಿದ ದಂಪತಿಗಳು ತಮ್ಮ ಊರಿನಂತಿದ್ದ ಬೀದಿಯನ್ನು ಬಿಟ್ಟು ದೂರದ ಉಪನಗರದಲ್ಲಿ ಕಾಯುತ್ತಿದ್ದಾರೆ. ಅವರ ಸಂಕಟ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ಮಾಟುಂಗದಲ್ಲಿ ಪಗಡಿಯನ್ನು ಹೂಡಿಕೆ ಎಂದು ಕೊಳ್ಳುವವರಿಗೆ ನನ್ನ ಸಲಹೆ ಸ್ಪಷ್ಟವಾಗಿ ‘ಬೇಡ’ ಎಂಬುದೇ. ಆ ಹಳೆಯ ಮನೆಯಲ್ಲಿ, ಅದು ಇರುವ ಸ್ಥಿತಿಯಲ್ಲಿಯೇ, ತಾವೇ ವಾಸಿಸಲು ಸಿದ್ಧರಿರುವವರು ಮಾತ್ರ ಯೋಚಿಸಬಹುದು.

ಒಡೆತನದ ಮನೆಯಲ್ಲಿಯೂ ಕೇಳಬೇಕಾದ ಪ್ರಶ್ನೆಗಳಿವೆ. ಟ್ರಸ್ಟಿನ ಕಾಲದ ಅನೇಕ ನಿವೇಶನಗಳು ಪಾಲಿಕೆಯ ಗುತ್ತಿಗೆಯ ನೆಲ. ಗುತ್ತಿಗೆಯ ಅವಧಿ, ನವೀಕರಣ ಮತ್ತು ವರ್ಗಾವಣೆಯ ಷರತ್ತುಗಳನ್ನು ವಕೀಲರಿಂದ ಓದಿಸಬೇಕು. ನೆಲ ಸೊಸೈಟಿಯ ಹೆಸರಿಗೆ ಆಗಿದೆಯೋ, ಇನ್ನೂ ಬಿಲ್ಡರನ ಹೆಸರಿನಲ್ಲಿಯೇ ಇದೆಯೋ ಎಂಬುದು ಮುಂದಿನ ಪುನರ್ನಿರ್ಮಾಣದ ಲಾಭ ಯಾರಿಗೆ ಎಂಬುದನ್ನು ನಿರ್ಧರಿಸುತ್ತದೆ. ಹೊಸ ಗೋಪುರವಾದರೆ ಕಟ್ಟಡ ಯೋಜನೆಗಳ ಮೇಲ್ವಿಚಾರಣೆ ಮಾಡುವ ರಾಜ್ಯದ ಪ್ರಾಧಿಕಾರವಾದ ಮಹಾರೇರಾದ ನೋಂದಣಿಯ ವಿವರಗಳನ್ನೂ ವಾಸಯೋಗ್ಯ ಪ್ರಮಾಣಪತ್ರವನ್ನೂ ನೋಡದೆ ಟೋಕನ್ ಕೊಡಬಾರದು. ಸೊಸೈಟಿಗೆ ಕಟ್ಟುವ ವರ್ಗಾವಣೆ ಶುಲ್ಕಕ್ಕೆ 25,000 ರೂಪಾಯಿಯ ಮಿತಿ ಇದೆ. ಅದಕ್ಕಿಂತ ಹೆಚ್ಚನ್ನು ದೇಣಿಗೆಯ ಹೆಸರಿನಲ್ಲಿ ಕೇಳಿದರೆ ಆ ಬೇಡಿಕೆಯನ್ನು ಬರಹದಲ್ಲಿ ಕೊಡಲು ಹೇಳಿ.

ನಾನು ಈ ಬಡಾವಣೆಯ ಮೇಲೆ ಇಟ್ಟಿರುವ ವಿಶ್ವಾಸಕ್ಕೆ ಇನ್ನೊಂದು ಕಾರಣ ತುಳಪುಳೆ ಫ್ಲೈಓವರ್‌ನ ಕೆಳಗಿನ ನಾನಾಲಾಲ್ ಮೆಹ್ತಾ ಉದ್ಯಾನ. ಕಸ ಮತ್ತು ಅಕ್ರಮ ಪಾರ್ಕಿಂಗಿಗೆ ಬಲಿಯಾಗಬಹುದಾಗಿದ್ದ ಆ ಜಾಗವನ್ನು ಸ್ಥಳೀಯರು ಕಾವಲು ಕಾದು, ಪಾಲಿಕೆಯ ಬೆನ್ನು ಹತ್ತಿ, 2016ರಲ್ಲಿ ನರ್ಮದೆಯ ಹರಿವಿನ ಆಕಾರದ ನಡಿಗೆ ದಾರಿಯುಳ್ಳ ಉದ್ಯಾನವಾಗಿಸಿಕೊಂಡರು. ಇಂತಹ ನೆರೆಹೊರೆ ಹಣ ಕೊಟ್ಟರೂ ಬೇರೆಡೆ ಸಿಗುವುದು ಕಷ್ಟ.

ಬರಬೇಕೆಂದಿರುವವರು ಮೊದಲು ಬಾಡಿಗೆಗೆ ಬನ್ನಿ, ಸಾಧ್ಯವಾದರೆ ಜೂನ್ ತಿಂಗಳಿಗೆ ಮುಂಚೆ ಬಂದು ಒಂದು ಮಳೆಗಾಲವನ್ನು ಇಲ್ಲಿ ಕಳೆಯಿರಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೊಟ್ಟು ರೂಢಿಯಾದವರಿಗೆ ಇಲ್ಲಿನ ಠೇವಣಿ ಹಗುರವೆನಿಸುತ್ತದೆ. ಮೂರರಿಂದ ಆರು ತಿಂಗಳ ಬಾಡಿಗೆ ಸಾಮಾನ್ಯ, ದಲ್ಲಾಳಿಗೆ ಒಂದು ತಿಂಗಳದ್ದು. ಲೀವ್ ಅಂಡ್ ಲೈಸೆನ್ಸ್ ಎಂದು ಇಲ್ಲಿ ಕರೆಯುವ ಬಾಡಿಗೆಯ ಒಪ್ಪಂದ ಹನ್ನೊಂದು ತಿಂಗಳದ್ದಾದರೂ ನೋಂದಣಿ ಇಲ್ಲಿ ಕಡ್ಡಾಯ. ಅದನ್ನು ಮಾಡಿಸಲು ಹಿಂಜರಿಯುವ ಮಾಲೀಕನ ಮನೆಯನ್ನು ಬಿಟ್ಟು ಮುಂದಿನದನ್ನು ನೋಡಿ.