ಐನ್‌ಮನೆ ವಾಸ್ತವ್ಯ: ಚಾವಣಿಗೆ ಪೂರ್ಣ ಅಂಕ, ಬಚ್ಚಲಿಗೆ ಇಲ್ಲ

ಕೊಡಗಿನ ನಾಪೋಕ್ಲು ಕಡೆಯ ಒಂದು ಒಕ್ಕ (ಕೊಡವರ ಮನೆತನ) ತನ್ನ ಐನ್‌ಮನೆಯನ್ನೂ (ಮನೆತನದ ಮೂಲಮನೆ) ಅದರ ಪಕ್ಕದ ಹಳೆಯ ಕಾಫಿ ಗೋಡೌನನ್ನೂ ದುರಸ್ತಿ ಮಾಡಿಸಿ ಅತಿಥಿಗಳಿಗೆ ತೆರೆದಿದೆ. ಬೋರ್ಡು ಹಾಕಿಲ್ಲ, ಬುಕಿಂಗ್ ಗುರುತಿನವರ ಮೂಲಕ ಮಾತ್ರ. ಹಾಗಾಗಿ ಒಕ್ಕದ ಹೆಸರು ಇಲ್ಲಿಯೂ ಬೇಡ.

ಮಲಗಲು ಕೊಡುವುದು ಗೋಡೌನಿನಲ್ಲಿ. ಐನ್‌ಮನೆಯ ಕಯ್ಯಾಲೆಯವರೆಗೆ (ಮುಂದಿನ ಜಗಲಿ) ಅತಿಥಿಗಳು ಹೋಗಬಹುದು, ಚಪ್ಪಲಿ ಅಂಗಳದಲ್ಲೇ ಬಿಟ್ಟು. ನೆಲ್ಲಕ್ಕಿ ನಡುಬಾಡೆ (ನಡುಮನೆ) ಮತ್ತು ಕನ್ನಿಕೋಂಬರೆ (ಹಿರಿಯರ ಪೂಜೆಯ ಕೋಣೆ) ಒಕ್ಕದವರಿಗೆ ಮಾತ್ರ. ಸಂಜೆ ದೀಪ ಹಚ್ಚುವಾಗ ಫೋಟೊ ತೆಗೆಯಬೇಡಿ ಎನ್ನುತ್ತಾರೆ. ಈ ಗೆರೆ ಎಳೆದದ್ದಕ್ಕೇ ಒಕ್ಕದ ಹಿರಿಯರೂ ಬೆಂಗಳೂರಿನಲ್ಲಿರುವ ಕಿರಿಯರೂ ಒಟ್ಟಿಗೆ ಒಪ್ಪಲು ಸಾಧ್ಯವಾಯಿತು. ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಎಡೆ ಇಡುವ ಜಾಗವನ್ನು ಬಾಡಿಗೆಗೆ ಕೊಟ್ಟಿದ್ದರೆ ಯೋಜನೆ ಮೊದಲ ಸಭೆಯಲ್ಲೇ ಮುಗಿಯುತ್ತಿತ್ತು.

ಬೀಗ ಹಾಕಿದ ಐನ್‌ಮನೆ ಬೇಗ ಹಾಳಾಗುತ್ತದೆ. ದಿನವೂ ಒಲೆ ಉರಿಯುತ್ತಿದ್ದಾಗ ಹೊಗೆ ಚಾವಣಿಯ ಮರದ ಪಕ್ಕಾಸು, ಅವುಗಳ ಮೇಲೆ ಅಡ್ಡ ಹೊಡೆದ ರೀಪುಗಳನ್ನು ಒಣಗಿಸಿ ಹುಳು ಹತ್ತದಂತೆ ಕಾಯುತ್ತಿತ್ತು. ಪುತ್ತರಿ ಹಬ್ಬಕ್ಕೋ ಕೈಲ್‌ಪೊದ್ ಹಬ್ಬಕ್ಕೋ ಒಮ್ಮೆ ಮಾತ್ರ ಬಾಗಿಲು ತೆರೆದರೆ ಮಳೆಗಾಲದ ತೇವ ಒಳಗೇ ನಿಂತು, ಗೆದ್ದಲು ಗೋಡೆಯೊಳಗಿಂದಲೇ ಮೇಲಿನ ತೊಲೆ ತಲುಪುತ್ತದೆ. ಇಲ್ಲಿ ಅತಿಥಿಗಳ ಅಡುಗೆ ಹಳೆಯ ಅಡುಗೆಕೋಣೆಯ ಸೌದೆ ಒಲೆಯಲ್ಲೇ ಆಗುತ್ತದೆ. ಅತಿಥಿಗಳಿಲ್ಲದ ದಿನವೂ ಒಲೆ ಹೊತ್ತಿಸುತ್ತಾರೆ. ಮನೆಯನ್ನು ಉಳಿಸುತ್ತಿರುವ ಮುಖ್ಯ ಕೆಲಸ ಇದೇ.

ಚಾವಣಿಯ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕುವ ಮೊದಲಿನ ಐನ್‌ಮನೆಗಳಿಗೆ ಹುಲ್ಲಿನ ಹೊದಿಕೆ ಸಾಮಾನ್ಯವಾಗಿತ್ತು. ಹುಲ್ಲಿಗೆ ಕಡಿದಾದ ಇಳಿಜಾರು ಬೇಕು. ಅದೇ ಮರಗೆಲಸದ ಮೇಲೆ ಹೆಂಚು ಹೊದಿಸಿದರೆ ಗಾಳಿಮಳೆಗೆ ಸಾಲುಸಾಲೇ ಜಾರುತ್ತದೆ. ಇದನ್ನು ತಿಳಿದೇ, ಸೂರಿನ ಎರಡು ಸಾಲನ್ನೂ ಮೇಲೆ ಪ್ರತಿ ನಾಲ್ಕನೆಯ ಸಾಲನ್ನೂ ಹೆಂಚಿನ ಅಡಿಯ ತೂತಿನಿಂದ ತಂತಿ ಹಾಯಿಸಿ ರೀಪಿಗೆ ಕಟ್ಟಿದ್ದಾರೆ. ಹಳೆಯ ಹೆಂಚನ್ನು ಒಂದೊಂದಾಗಿ ತಟ್ಟಿ ನೋಡಿದ್ದಾರೆ: ಟಣ್ ಎಂದದ್ದು ಮೇಲೆ, ಮಂಕಾಗಿ ಸದ್ದು ಮಾಡಿದ್ದು ಹೊರಗೆ. ಕಡಿಮೆ ಬಿದ್ದ ಹೆಂಚು ಬಳಕೆಯಿಲ್ಲದ, ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬಂತು. ಬೇರೆ ಬೇರೆ ಕಾರ್ಖಾನೆಯ ಅಚ್ಚು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲವಾದ್ದರಿಂದ ಹಿಂಬದಿಯ ಹೆಸರು ನೋಡಿ ಒಂದು ಇಳಿಜಾರಿಗೆ ಒಂದೇ ಕಾರ್ಖಾನೆಯ ಹೆಂಚು ಹಾಕಿದ್ದಾರೆ. ಇದನ್ನು ಕೈಬಿಟ್ಟ ಕಡೆಗಳಲ್ಲಿ ಹೊಸ ರೀಪಿದ್ದರೂ ಸೋರುತ್ತದೆ. ಇಂಥ ಕೆಲಸಕ್ಕೆ ಇಳಿಯುವ ಬೇರೆ ಒಕ್ಕಗಳವರು ಚದರ ಮೀಟರಿಗೆ ಸುಮಾರು 15 ಹೆಂಚು, ರೀಪಿನ ನಡುವೆ 32 ಸೆಂ.ಮೀ. ಆಸುಪಾಸು ಅಂತರ ಎಂದು ಲೆಕ್ಕ ಹಿಡಿಯಲಿ. ರೀಪು ಹೊಡೆಯುವ ಮೊದಲು ಕೈಯಲ್ಲಿರುವ ಹೆಂಚನ್ನೇ ಇಟ್ಟು ಅಳೆಯಬೇಕು. ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದಿದ್ದಾರೆ, ಕೆತ್ತನೆಯ ಕಂಬಗಳಿಗೆ ಅಗಸೆ ಎಣ್ಣೆ. ಕಂಬಗಳಿಗೆ ವಾರ್ನಿಶ್ ಹಚ್ಚದಿದ್ದುದು ಒಳ್ಳೆಯದಾಯಿತು.

ಚಾವಣಿ ಕೆಲಸದ ಒಂದೇ ಕೊರತೆ ನಡುವಿನ ತೊಟ್ಟಿಯಲ್ಲಿದೆ. ನಾಲ್ಕು ಒಳಮೂಲೆಗಳಿಂದ ಇಳಿಯುವ ನೀರಿಗೆಲ್ಲ ಒಂದೇ 75 ಮಿ.ಮೀ. ಪೈಪು. ಸಿಲ್ವರ್ ಓಕಿನ ಎಲೆ ನಾಲ್ಕು ಬಿದ್ದರೆ ಸಾಕು, ಕಟ್ಟಿಕೊಳ್ಳುತ್ತದೆ. ಅಲ್ಲಿ 110 ಮಿ.ಮೀ. ಪೈಪು ಎರಡಾದರೂ ಬೇಕು, ಬಾಯಿಗೆ ಜಾಲರಿಯೂ ಬೇಕು.

ಗೋಡೌನು ಕಾಫಿ ತೋಟಗಳು ಹಬ್ಬಿದ ಕಾಲದ್ದು. 1854ರಲ್ಲಿ ಫೌಲರ್ ಎಂಬ ಬ್ರಿಟಿಷ್ ಪ್ಲಾಂಟರ್ ಮಡಿಕೇರಿಯಲ್ಲಿ ತೋಟ ತೆರೆದ ಮೇಲೆ ಜಿಲ್ಲೆಯ ಕಸುಬೇ ಬದಲಾಯಿತು. ಭತ್ತದ ಮನೆಗಳ ಪಕ್ಕ ಕಾಫಿಗೆ ಕಣ, ಗೋಡೌನು ಎದ್ದವು. ದಪ್ಪ ಗೋಡೆ, ನೆಲದಿಂದ ಮೇಲೆತ್ತಿದ ಹಲಗೆಯ ನೆಲ, ಎತ್ತರದಲ್ಲಿ ಗಾಳಿಕಿಂಡಿ. ಕಾಫಿಗೆ ಒಳ್ಳೆಯದಾದ ಈ ಏರ್ಪಾಡು ಮಲಗುವವರಿಗೂ ಹಿತವಾಗಿದೆ. ನಾಲ್ಕು ಕೋಣೆಗಳ ನಡುವೆ ಪ್ಲೈವುಡ್ ಗೋಡೆ ಮಾತ್ರ, ಪಕ್ಕದವರ ಗೊರಕೆ ಕೇಳಿಸುತ್ತದೆ. ಗೋಡೌನಿನ ಇನ್ನರ್ಧದಲ್ಲಿ ಈಗಲೂ ಪಾರ್ಚ್‌ಮೆಂಟ್ (ಒಳಸಿಪ್ಪೆ ತೆಗೆಯದ ಕಾಫಿ ಬೀಜ) ಮೂಟೆಗಳಿವೆ. ಅದೇ ಚಾವಣಿಯಡಿ ಕೋಣೆ ಒರೆಸಲು ಫಿನೈಲ್ ಬಳಸುತ್ತಿದ್ದಾರೆ. ಕಾಫಿ ಸುತ್ತಲಿನ ವಾಸನೆ ಬೇಗ ಹೀರುತ್ತದೆ, ಕಪ್ಪಿನ ರುಚಿ ನೋಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಫಿನೈಲ್ ಇವತ್ತೇ ನಿಲ್ಲಬೇಕು. ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ 30 ಸೆಂ.ಮೀ. ದೂರ ಇಡಬೇಕು.

ಬಚ್ಚಲುಗಳ ಬಗ್ಗೆ ಬೇಸರವಿದೆ. ಗೋಡೌನಿನ ಹಿಂದಿನ ಮಣ್ಣಿನ ಗೋಡೆಗೆ ಒರಗಿಸಿ ಕಟ್ಟಿ, ಒಂದು ಮೀಟರ್ ಎತ್ತರಕ್ಕೆ ಸಿಮೆಂಟ್ ಗಾರೆ ಹಾಕಿ ಟೈಲ್ಸ್ ಕೂರಿಸಿದ್ದಾರೆ. ಮಣ್ಣಿನ ಗೋಡೆ ನೆಲದ ತೇವ ಹೀರಿ ಮೈಯಿಂದ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿದರೆ ತೇವ ಇನ್ನೂ ಮೇಲೆ ಏರುತ್ತದೆ, ಇಲ್ಲವೇ ಇನ್ನೊಂದು ಬದಿಯಿಂದ ಹೊರಬರುತ್ತದೆ. ಕೋಣೆಯ ಕಡೆ ಈಗಲೇ ಸುಣ್ಣ ಪುಡಿಪುಡಿಯಾಗಿ ಉದುರುತ್ತಿದೆ, ಬಿಳಿ ಉಪ್ಪು ಕೂತಿದೆ. ಮೇಲೆ ಪೇಂಟ್ ಬಳಿದರೆ ಪ್ರಯೋಜನವಿಲ್ಲ. ಬಚ್ಚಲನ್ನು ಗೋಡೆಯಿಂದ ಒಂದು ಮೀಟರ್ ಬಿಟ್ಟು ಬೇರೆ ಕಟ್ಟಿ, ನಡುವೆ ಹೆಂಚಿನ ದಾರಿ ಮಾಡಬೇಕು. ಸಿಮೆಂಟ್ ಕಿತ್ತ ಗೋಡೆ ಒಂದು ಬೇಸಿಗೆ ಪೂರ್ತಿ ಒಣಗಲಿ. ಆಮೇಲೆ ಎರಡು ಮೂರು ವಾರ ನೀರಿನಲ್ಲಿ ನೆನೆದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಬೆರೆಸಿದ ಗಾರೆ ಹಚ್ಚಬೇಕು. ಒಂದು ಪದರ 10–12 ಮಿ.ಮೀ. ಮೀರಬಾರದು. ಗೋಣಿತಾಟು ಹೊದಿಸಿ ವಾರವಾದರೂ ಒದ್ದೆಯಾಗಿಡಬೇಕು. ಸುಣ್ಣ ನಿಧಾನಕ್ಕೆ ಗಟ್ಟಿಯಾಗುವುದರಿಂದ ಕೆಲಸ ಫೆಬ್ರವರಿಯೊಳಗೆ ಮುಗಿಯಬೇಕು. ಮೇ ತಿಂಗಳಲ್ಲಿ ಹಚ್ಚಿದ ಗಾರೆಯನ್ನು ಜೂನ್ ಮಳೆ ತೊಳೆದುಕೊಂಡು ಹೋಗುತ್ತದೆ.

ಊಟ ಚೆನ್ನಾಗಿದೆ: ಅಕ್ಕಿ ಒಟ್ಟಿ, ಕಡಂಬುಟ್ಟು, ಕಾಚಂಪುಳಿ (ಕೊಡಗಿನ ಹುಳಿರಸ) ಹದವಾಗಿ ಬಿದ್ದ ಪಂದಿ ಕರಿ. ಸಸ್ಯಾಹಾರಿಗಳು ಮೊದಲೇ ಹೇಳಿದರೆ ಒಳಿತು. ಮೂರು ಹೊತ್ತಿನ ಊಟ ಸೇರಿ ತಲೆಗೆ 2,500 ರೂಪಾಯಿ. ಅದರ ಮೂರನೇ ಒಂದು ಭಾಗ ಚಾವಣಿ ನಿಧಿಗೆ ಹೋಗುತ್ತದೆ, ಲೆಕ್ಕದ ಪುಸ್ತಕ ಕಯ್ಯಾಲೆಯಲ್ಲೇ ಇರುತ್ತದೆ, ಒಕ್ಕದ ಯಾರು ಬೇಕಾದರೂ ನೋಡಬಹುದು. ಜಾಗ ಜಮ್ಮ ಹಿಡುವಳಿ (ವಂಶಪಾರಂಪರ್ಯವಾಗಿ ಬಂದ ಭೂಮಿ), ಪಹಣಿಯಲ್ಲಿ ಹಲವರ ಹೆಸರು. ಹೀಗಿರುವಲ್ಲಿ ಬ್ಯಾಂಕ್ ಸಾಲ ಸುಲಭವಲ್ಲ, ಮನೆಗಿಷ್ಟು ಎಂದು ವಂತಿಗೆ ಹಾಕಿಯೇ ಶುರುಮಾಡಬೇಕು. ವಂತಿಗೆ ಕೊಟ್ಟವರಿಗೆ ಲೆಕ್ಕ ಕಾಣದಿದ್ದರೆ ಎರಡನೇ ವರ್ಷ ಯಾರೂ ಕೊಡುವುದಿಲ್ಲ.

ಕಣವನ್ನು ಕಾಫಿ ಕೊಯ್ಲು ಇಲ್ಲದ ತಿಂಗಳುಗಳಲ್ಲಿ ಮದುವೆ, ನಾಮಕರಣಕ್ಕೆ ಕೊಡುತ್ತಾರೆ. ಭಾನುವಾರ ಊರಿನ ಮಕ್ಕಳು ಅಲ್ಲೇ ಉಮ್ಮತ್ತಾಟ್ ನೃತ್ಯ ಕಲಿಯುತ್ತಾರೆ, ಅದಕ್ಕೆ ಬಾಡಿಗೆಯಿಲ್ಲ. ಕಂಬಕ್ಕೆ ಮೊಳೆ ಹೊಡೆಯುವಂತಿಲ್ಲ, ಶಾಮಿಯಾನದ ಹಗ್ಗ ಐನ್‌ಮನೆಗೆ ಕಟ್ಟುವಂತಿಲ್ಲ ಎಂದು ಬರೆದೇ ಕೊಡುತ್ತಾರೆ.

ಹೋಗುವುದಾದರೆ ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಕೈಲ್‌ಪೊದ್, ಕಾವೇರಿ ಸಂಕ್ರಮಣ, ಪುತ್ತರಿ ದಿನಗಳಲ್ಲಿ ಅತಿಥಿಗಳಿಗೆ ಜಾಗವಿಲ್ಲ. ಮೆಟ್ಟಿಲು ಹತ್ತಲಾಗದವರು ಬುಕ್ ಮಾಡುವಾಗಲೇ ಗೋಡೌನಿನ ಕಣದ ಕಡೆಯ ಕೋಣೆ ಕೇಳಿ. ಬಚ್ಚಲಿನ ಗೋಡೆಯಿಂದ ದೂರ ಇರುವುದೂ ಅದೊಂದೇ.